ದಿವಾಳಿ ಎಂಬ ಮಾತು ಮತ್ತು ನಮ್ಮ ಕಾಫಿ ಸೀಮೆ

ಬೆಳ್ಳಿಹಬ್ಬದ ಸಂಚಿಕೆಗೆ ಸಂಘಕ್ಕೂ ಊರಿಗೂ ಸಂಬಂಧಪಟ್ಟ ಒಂದು ಚರಿತ್ರೆಯ ಲೇಖನ ಬೇಕು ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಆರಿಸಿಕೊಂಡದ್ದು 'ದಿವಾಳಿ' ಎಂಬ ವಿಷಯವನ್ನು. ಹಬ್ಬದ ದಿನ ಇಂಥ ಅಪಶಕುನದ ಮಾತು ಯಾಕೆ ಮಾರಾಯ್ರೆ ಅಂತ ಕೆಲವರು ಮೂಗು ಮುರಿಯಬಹುದು. ಆದರೆ ಸದಸ್ಯ ಬಂಧುಗಳು ಯೋಚಿಸಿ ನೋಡಬೇಕು, ಹಳ್ಳಿಗಳಲ್ಲಿ ಪತ್ತಿನ ಸಹಕಾರ ಸಂಘಗಳು ಹುಟ್ಟಿಕೊಂಡದ್ದೇ ಈ ಮಾತಿನ ಭಯದಿಂದ. ನಮ್ಮ ಸಂಘ ಕಣ್ಣು ಬಿಟ್ಟ ಕಾಲವೂ ಅಂಥದ್ದೇ. ಇಪ್ಪತ್ತೈದು ವರ್ಷಗಳ ಹಿಂದೆ ಕಾಫಿ ದರ ಪಾತಾಳಕ್ಕೆ ಇಳಿಯುತ್ತಿದ್ದಾಗ ಮೂಡಿಗೆರೆ, ಕಳಸದ ಸಂತೆಗಳಲ್ಲಿ ತರಕಾರಿಗಿಂತ ಹೆಚ್ಚು ಈ ಮಾತೇ ಓಡಾಡುತ್ತಿತ್ತು. ಇಂಥವರು ದಿವಾಳಿಯಂತೆ, ಅಂಥವರ ತೋಟ ಹರಾಜಂತೆ!

ನಾನು ಹೇಳಹೊರಟಿರುವುದು ಇಷ್ಟೆ. ಸಾಲ ಇರುವುದು ಬೇರೆ, ಸುಸ್ತಿಯಾಗುವುದು ಬೇರೆ, ದಿವಾಳಿಯಾಗುವುದು ಬೇರೆ. ನಮ್ಮ ಕಡೆ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತೇವೆ. ಹಾಗೆ ಆಡುವುದರಿಂದಲೇ, ಸಕಾಲದಲ್ಲಿ ಬಂದು ಕಂತು ಮುಂದೂಡಿಸಿಕೊಳ್ಳಬಹುದಾಗಿದ್ದ ಮನುಷ್ಯ ಮರ್ಯಾದೆಗೆ ಅಂಜಿ ಮನೆಯೊಳಗೆ ಕೂರುತ್ತಾನೆ, ಬಡ್ಡಿ ಹೊರಗೆ ಬೆಳೆಯುತ್ತದೆ.

ಮೊದಲು ಮಾತಿನ ಹುಟ್ಟು ನೋಡೋಣ. 'ದಿವಾಳಿ' ನಮ್ಮ ಅಚ್ಚಗನ್ನಡದ ಪದವಲ್ಲ, ಉತ್ತರದ ಭಾಷೆಗಳ 'ದಿವಾಲಾ' ಎಂಬುದರಿಂದ ಬಂದದ್ದು. ಅಲ್ಲಿಯ ಪೇಟೆಗಳಲ್ಲಿ ಕೈಸೋತ ಸಾಹುಕಾರ ಹಾಡುಹಗಲೇ ಅಂಗಡಿಯ ಮುಂದೆ ದೀಪ ಹಚ್ಚಿಡುತ್ತಿದ್ದ, ಅದನ್ನು ಕಂಡವರು ಇವನ ವ್ಯವಹಾರ ಮುಗಿಯಿತು ಎಂದು ತಿಳಿಯುತ್ತಿದ್ದರು, ಅದರಿಂದ ಈ ಹೆಸರು ಬಂತು ಎಂದು ಹೇಳುವುದುಂಟು. ಇಂಗ್ಲಿಷಿನಲ್ಲಿ ಎರಡು ಪದಗಳಿವೆ. 'ಬ್ಯಾಂಕ್ರಪ್ಟ್' ಎಂಬುದು ಇಟಲಿಯವರ 'ಮುರಿದ ಬೆಂಚು' ಎಂಬ ಮಾತಿನಿಂದ ಬಂದದ್ದು, ಅಲ್ಲಿ ಹಣದ ವ್ಯಾಪಾರಿಗಳು ಬೆಂಚಿನ ಮೇಲೆ ಕೂತು ವ್ಯವಹಾರ ಮಾಡುತ್ತಿದ್ದರು. 'ಇನ್ಸಾಲ್ವೆಂಟ್' ಎಂಬುದರ ಬೇರು ಲ್ಯಾಟಿನ್ ಭಾಷೆಯ 'ಬಿಚ್ಚು, ಬಿಡಿಸು' ಎಂಬ ಕ್ರಿಯಾಪದದಲ್ಲಿದೆ. ಸಾಲದ ಗಂಟು ಬಿಡಿಸಲಾರದವನು ಎಂದು ಅರ್ಥ. ನಾವೂ ಹಾಗೇ ತಾನೆ ಹೇಳುವುದು? ಅಡವು ಬಿಡಿಸಿಕೊಂಡ, ಋಣ ಹರಿದುಕೊಂಡ ಅಂತ. ಎಲ್ಲಿಯ ರೋಮು, ಎಲ್ಲಿಯ ಕಳಸ, ಸಾಲವನ್ನು ಗಂಟು ಎಂದು ಕಂಡದ್ದು ಮಾತ್ರ ಒಂದೇ ರೀತಿ.

ಇನ್ನೊಂದು ಮಾತು 'ಪಾಪರ್'. "ಅವನು ಪಾಪರ್ ಚೀಟಿ ತಗೊಂಡ" ಅಂದರೆ ಇವತ್ತಿಗೂ ಮುದುಕರಿಗೆ ಅರ್ಥವಾಗುತ್ತದೆ. ಇದಕ್ಕೂ 'ಪಾಪ'ಕ್ಕೂ ಸಂಬಂಧವಿಲ್ಲ, ಕೇಳಿದರೆ ಇದ್ದಂತೆ ಅನ್ನಿಸುತ್ತದೆ ಅಷ್ಟೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಕೋರ್ಟ್ ಫೀ ಕಟ್ಟಲು ಗತಿಯಿಲ್ಲದವನು 'ಪಾಪರ್' ಎಂದು ಅರ್ಜಿ ಹಾಕಿ ದಾವೆ ಹೂಡಬಹುದಿತ್ತು. 1976ರ ತಿದ್ದುಪಡಿಯಲ್ಲಿ ಆ ಇಂಗ್ಲಿಷ್ ಪದವನ್ನು ತೆಗೆದು 'ನಿರ್ಗತಿಕ' ಎಂಬ ಅರ್ಥದ ಬೇರೆ ಪದ ಹಾಕಿದರು. ಅಂದರೆ ಪಾಪರ್ ಎಂಬುವನು ನಿಜವಾಗಿ ದಾವೆ ಹಾಕುವ ಬಡವ, ಸಾಲ ತೀರಿಸಲಾರದವನಲ್ಲ. ನಮ್ಮ ಜನ ಕೋರ್ಟಿನ ಆವರಣದಲ್ಲಿ ಎರಡು ಪದ ಕೇಳಿ ಒಂದನ್ನು ಊರಿಗೆ ತಂದರು. ತೆಲುಗು ಸೀಮೆಯಲ್ಲಿ 'ಇನ್ಸಾಲ್ವೆನ್ಸಿ ಪಿಟಿಷನ್' ಎಂಬುದನ್ನೇ ಚಿಕ್ಕದು ಮಾಡಿ 'ಐ.ಪಿ. ಹಾಕಿದ' ಅನ್ನುತ್ತಾರೆ. ತಮಿಳರು 'ಹಳದಿ ಕಾಗದ ಕೊಟ್ಟ' ಅನ್ನುತ್ತಾರೆ.

ಮೂರನೆಯದು ನಮ್ಮ ಸಂಘದ ಕಡತದಲ್ಲೇ ದಿನಾ ಕಾಣುವ 'ಸುಸ್ತಿ'. ಪಾರಸಿಯಲ್ಲಿ ಇದಕ್ಕೆ ಜಡತನ, ನಿಧಾನ ಎಂದು ಅರ್ಥ. ದಣಿವಿಗೆ ನಾವು 'ಸುಸ್ತು' ಎನ್ನುವುದೂ ಅದೇ ಪದ. ಸುಸ್ತಿದಾರ ಎಂದರೆ ಕಂತು ಕಟ್ಟುವುದರಲ್ಲಿ ತಡವಾದವನು, ಅಷ್ಟೆ. ನೋಟೀಸು ಬಂದ ಕೂಡಲೇ ಅದನ್ನು ದಿವಾಳಿ ಎಂದು ಓದಿಕೊಳ್ಳಬೇಕಾದ್ದಿಲ್ಲ.

ಹಾಗಾದರೆ ಯಾವನು ದಿವಾಳಿ? ಲೆಕ್ಕಶಾಸ್ತ್ರದವರು ಇದನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದು, ಕೊಡಬೇಕಾದ ದಿನ ಕೈಯಲ್ಲಿ ಹಣ ಇಲ್ಲ. ಇನ್ನೊಂದು, ಇರುವುದೆಲ್ಲ ಮಾರಿದರೂ ಸಾಲ ತೀರುವುದಿಲ್ಲ. ಮೊದಲನೆಯದನ್ನು ಕೈಸೋತದ್ದು, ಎರಡನೆಯದನ್ನು ಬುಡ ಸೋತದ್ದು ಅನ್ನೋಣ. ಉದಾಹರಣೆಗೆ ಐದು ಎಕರೆ ತೋಟದವನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ತೋಟದ ಬೆಲೆ ಅರ್ಧ ಕೋಟಿ, ಸಾಲ ಹತ್ತು ಲಕ್ಷ. ಮಾರ್ಚ್ ತಿಂಗಳಲ್ಲಿ ಕಂತು ಕಟ್ಟಬೇಕು, ಚೆರಿ ಇನ್ನೂ ಕಣದಲ್ಲಿದೆ, ದರ ಇಲ್ಲ ಎಂದು ಮಾರಿಲ್ಲ. ಇವನು ಕೈಸೋತವನು, ಬುಡ ಗಟ್ಟಿಯಾಗಿದೆ. ವರ್ಷಕ್ಕೊಮ್ಮೆ ಫಸಲು ಬರುವ, ದರವನ್ನು ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಕಟ್ಟುವ ಕಾಫಿ ಸೀಮೆಯಲ್ಲಿ ಮೊದಲನೆಯ ಸ್ಥಿತಿ ಬಹಳ ಜನರಿಗೆ ಬರುತ್ತದೆ. ಎರಡನೆಯದು ಬರುವುದು ಅಪರೂಪ. ಬಂದರೂ ಸಾಮಾನ್ಯವಾಗಿ ಮೊದಲನೆಯದನ್ನು ಮುಚ್ಚಿಟ್ಟದ್ದರಿಂದಲೇ ಬರುತ್ತದೆ.

ಕೋರ್ಟು ಹೇಳುವ ದಿವಾಳಿ ಇವೆರಡಕ್ಕಿಂತ ಬೇರೆ. ಅದು ಒಂದು ಆದೇಶ. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆ ಇತ್ತು. ಘಟ್ಟದ ಮೇಲೆ ಮೈಸೂರು ಸಂಸ್ಥಾನಕ್ಕೆ ತನ್ನದೇ ಕಾಯ್ದೆ. 1920ರ ಕಾಯ್ದೆಯಂತೆ ಐನೂರು ರೂಪಾಯಿಗೆ ಕಡಿಮೆಯಿಲ್ಲದ ಸಾಲ ಇದ್ದವನು ತಾನಾಗಿಯೇ ಅರ್ಜಿ ಹಾಕಬಹುದಿತ್ತು, ಸಾಲ ಕೊಟ್ಟವನೂ ಹಾಕಬಹುದಿತ್ತು. ನ್ಯಾಯಾಧೀಶರು ದಿವಾಳಿ ಎಂದು ಸಾರಿದ ಮೇಲೆ ಅವನ ಆಸ್ತಿ ರಿಸೀವರ್ ಕೈಗೆ ಹೋಗಿ, ಮಾರಿ ಬಂದದ್ದು ಸಾಲಗಾರರಿಗೆಲ್ಲ ಪಾಲಾಗುತ್ತಿತ್ತು. ಕೊನೆಗೆ ನ್ಯಾಯಾಲಯ 'ಬಿಡುಗಡೆ' ಕೊಟ್ಟರೆ ಹಳೆಯ ಸಾಲ ಅಲ್ಲಿಗೆ ಮುಗಿಯಿತು, ಹೊಸ ಬಾಳು ಶುರು ಮಾಡಬಹುದು. ಇದು ಆ ಕಾಯ್ದೆಯ ಒಳ್ಳೆಯ ಭಾಗ, ಊರಿನ ಬಾಯಲ್ಲಿ ಉಳಿಯದೇ ಹೋದ ಭಾಗವೂ ಹೌದು. ಅವಮಾನ ಮಾತ್ರ ಉಳಿಯಿತು.

ಎಲ್ಲವನ್ನೂ ಕಿತ್ತುಕೊಳ್ಳಲು ಕಾನೂನು ಬಿಟ್ಟಿರಲಿಲ್ಲ. ಉಡುವ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ರೈತನ ಉಳುವ ಎತ್ತು, ನೇಗಿಲು, ಬಿತ್ತನೆ ಕಾಳು, ಅವನು ವಾಸವಿರುವ ಮನೆ, ಹೆಣ್ಣುಮಕ್ಕಳು ಧರ್ಮದ ಪ್ರಕಾರ ತೆಗೆಯಲಾಗದ ತಾಳಿಯಂಥ ಒಡವೆ, ಇವನ್ನು ಜಪ್ತಿ ಮಾಡುವಂತಿಲ್ಲ ಎಂದು ಸಿವಿಲ್ ಸಂಹಿತೆಯ 60ನೆಯ ಕಲಮಿನಲ್ಲಿ ಬರೆದಿದೆ, ಈಗಲೂ ಇದೆ. ಅದೇ ರೀತಿ ಬುದ್ಧಿವಂತರ ದಾರಿಯನ್ನೂ ಮುಚ್ಚಿದ್ದರು. ಸಾಲ ತಲೆಗೆ ಬಂದಾಗ ತೋಟವನ್ನು ಹೆಂಡತಿ ಹೆಸರಿಗೋ ಭಾವಮೈದನ ಹೆಸರಿಗೋ ಬರೆದು ಕೂತರೆ, ಹಿಂದಿನ ಎರಡು ವರ್ಷದೊಳಗಿನ ಅಂಥ ಪತ್ರಗಳನ್ನು ನ್ಯಾಯಾಲಯ ರದ್ದು ಮಾಡಬಹುದಿತ್ತು.

ಸಾಲಕ್ಕೆ ಜೈಲೂ ಇತ್ತು. ಡಿಕ್ರಿಯಾದ ಹಣ ಕೊಡದವನನ್ನು ಸಿವಿಲ್ ಜೈಲಿಗೆ ಹಾಕಿಸಬಹುದಿತ್ತು, ಆದರೆ ಅವನ ಊಟದ ಖರ್ಚನ್ನು ಸಾಲ ಕೊಟ್ಟವನೇ ಕಟ್ಟಬೇಕು! ಹಾಗಾಗಿ ಎಷ್ಟೋ ಸಾಹುಕಾರರು ಲೆಕ್ಕ ಹಾಕಿ ಸುಮ್ಮನಾಗುತ್ತಿದ್ದಿರಬೇಕು. ಹೆಂಗಸರನ್ನು ಹಣದ ಡಿಕ್ರಿಗೆ ಬಂಧಿಸುವಂತಿಲ್ಲ. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಕೊಚ್ಚಿನ್ ಬ್ಯಾಂಕಿನ ಮೊಕದ್ದಮೆಯೊಂದರಲ್ಲಿ, ಇದ್ದೂ ಕೊಡದ ಮೋಸಗಾರ ಬೇರೆ, ಇಲ್ಲದೆ ಕೊಡಲಾರದವನು ಬೇರೆ, ಬಡತನಕ್ಕೆ ಜೈಲು ಸಲ್ಲದು ಎಂಬ ಅರ್ಥದ ತೀರ್ಪು ಕೊಟ್ಟರು.

ಇಷ್ಟೆಲ್ಲ ದಯೆ ಆಸ್ತಿವಂತನ ಸೋಲಿಗೆ. ಕೂಲಿಯವನ ಸೋಲಿಗೆ ಬೇರೆ ಕಾನೂನು ಇತ್ತು ಎಂಬುದನ್ನು ತೋಟದ ಸೀಮೆಯ ನಾವು ಮರೆಯಬಾರದು. 1859ರ ಕಾಯ್ದೆಯೊಂದರ ಪ್ರಕಾರ ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಯಾಳನ್ನು ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸಬಹುದಿತ್ತು. ದಕ್ಷಿಣದ ತೋಟಗಳಲ್ಲಿ ಈ ಕಾಯ್ದೆಯನ್ನು ಚೆನ್ನಾಗಿಯೇ ಬಳಸಿಕೊಂಡರು, ಅದನ್ನು ರದ್ದು ಮಾಡಿದ್ದು 1920ರ ದಶಕದ ಮಧ್ಯದಲ್ಲಿ. ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಹಿಂದೆ ಚಾರ್ಮಾಡಿ ಹತ್ತಿ ಬಂದ ಆಳು ಐದೋ ಹತ್ತೋ ರೂಪಾಯಿ ಮುಂಗಡಕ್ಕೆ ಸಿಕ್ಕಿಬಿದ್ದರೆ ಅವನಿಗೆ ರಿಸೀವರೂ ಇಲ್ಲ, ಬಿಡುಗಡೆಯೂ ಇಲ್ಲ. ಜೀತ ಎಂಬುದು ಇನ್ನೇನು? ತೀರದ ಸಾಲಕ್ಕೆ ಮೈಯನ್ನೇ ಅಡವಿಟ್ಟದ್ದು. ಅದನ್ನು ದೇಶದಲ್ಲಿ ಕಾನೂನಿನಿಂದ ತೊಡೆದದ್ದು 1975-76ರಲ್ಲಿ. ದೇವರಾಜ ಅರಸರ ಸರ್ಕಾರದ 1976ರ ಋಣ ಪರಿಹಾರ ಕಾಯ್ದೆಯೂ ಅದೇ ಹೊತ್ತಿನದು. ಸಣ್ಣ ರೈತರು, ಭೂಮಿಯಿಲ್ಲದವರು ಖಾಸಗಿಯವರಿಗೆ ಕೊಡಬೇಕಿದ್ದ ಸಾಲ ಅದರಿಂದ ರದ್ದಾಯಿತು, ಒತ್ತೆಯಿಟ್ಟ ಒಡವೆ ಪಾತ್ರೆಗಳು ಮನೆಗೆ ಬಂದವು.

ಅಪ್ಪನ ಸಾಲ ಮಗನಿಗೆ ಎಂಬ ಮಾತೂ ಹಳೆಯದು. ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲೇ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರವು ದೇಶದ ಬಹುಭಾಗದ ಹಿಂದೂಗಳಿಗೆ ಕಾನೂನಾಯಿತು, ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ನಿಯಮವೂ ಅದರೊಂದಿಗೆ ನಡೆದು ಬಂತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಆನಂತರದ ಸಾಲಗಳಿಗೆ ಆ ಧರ್ಮದ ಹೊಣೆ ಇಲ್ಲ. ಹಾಗೆಂದು ಪೂರ್ತಿ ಬಿಟ್ಟುಹೋಗುವುದಿಲ್ಲ. ಅಪ್ಪನ ತೋಟ ಬಂದರೆ ಅದರ ಬೆಲೆಯಷ್ಟಕ್ಕೆ ಅಪ್ಪನ ಸಾಲವೂ ಬರುತ್ತದೆ, ಅದನ್ನು ಮೀರಿ ಮಗನ ಸ್ವಂತ ಸಂಪಾದನೆಗೆ ಕೈ ಹಾಕುವಂತಿಲ್ಲ. ಜಾಮೀನು ಹಾಕಿದ್ದರೆ ಮಾತು ಬೇರೆ.

ಈಗ ನಮ್ಮ ಗುಡ್ಡಗಳ ಚರಿತ್ರೆಗೆ ಬರೋಣ. ಕಾಫಿಗೂ ಸಾಲಕ್ಕೂ ಮೊದಲಿನಿಂದ ನಂಟು. ಗಿಡ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು, ಅಲ್ಲಿಯವರೆಗೆ ಖರ್ಚು ಯಾರು ಹಾಕಬೇಕು? ಮಂಗಳೂರಿನ ಕ್ಯೂರಿಂಗ್ ಮನೆಗಳು, ಏಜೆಂಟರು, ಪೇಟೆಯ ಸಾಹುಕಾರರು ಮುಂಗಾರಿನಲ್ಲಿ ಮುಂಗಡ ಕೊಟ್ಟು ಸುಗ್ಗಿಯಲ್ಲಿ ಕಾಫಿ ಎತ್ತುತ್ತಿದ್ದರು. 1860ರ ದಶಕದ ಕೊನೆಯಲ್ಲಿ ಕಾಂಡಕೊರಕ ಹುಳು ಮೈಸೂರು, ಕೊಡಗಿನ ತೋಟಗಳನ್ನು ತಿಂದುಹಾಕಿತು, ಎಷ್ಟೋ ಬಿಳಿಯ ಪ್ಲಾಂಟರುಗಳು ತೋಟ ಬಿಟ್ಟು ಹೋದರು. ಅದೇ ಸುಮಾರಿಗೆ, 1869ರಲ್ಲಿ, ಸಿಂಹಳದಲ್ಲಿ ಎಲೆ ತುಕ್ಕುರೋಗ ಕಾಣಿಸಿಕೊಂಡಿತು. ಹದಿನೈದು ವರ್ಷದಲ್ಲಿ ಅಲ್ಲಿಯ ಕಾಫಿ ಮುಗಿದೇ ಹೋಯಿತು. ಆ ತೋಟಗಳನ್ನು ನಂಬಿ ಸಾಲ ಕೊಟ್ಟಿದ್ದ ಓರಿಯಂಟಲ್ ಬ್ಯಾಂಕ್ 1884ರಲ್ಲಿ ಬಾಗಿಲು ಹಾಕಿತು. ಎಲೆಯ ಮೇಲಿನ ಕಿತ್ತಳೆ ಪುಡಿ ಒಂದು ಬ್ಯಾಂಕನ್ನೇ ನುಂಗಿದ ಕಥೆ ಇದು.

1906ರ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್ನಾಟ್ ಕಂಪನಿ ಮುರಿದುಬಿತ್ತು. ಸಾವಿರಾರು ಸಣ್ಣಪುಟ್ಟ ಠೇವಣಿದಾರರ ಹಣ ಹೋಯಿತು, ಅದರ ಒಡೆಯ ಸರ್ ಜಾರ್ಜ್ ಅರ್ಬತ್ನಾಟ್ ಜೈಲು ಸೇರಿದ. ದೊಡ್ಡ ಬಿಳಿಯ ಕಂಪನಿ ಎಂದರೆ ಬಂಡೆ ಎಂದು ನಂಬಿದ್ದ ದಕ್ಷಿಣದ ಜನಕ್ಕೆ ಅದೊಂದು ಪೆಟ್ಟು. ಮರುವರ್ಷವೇ ಇಂಡಿಯನ್ ಬ್ಯಾಂಕ್ ಹುಟ್ಟಿತು. 1906ರಲ್ಲೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಈಗಿನ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದ್ದರು. ಅದಕ್ಕೂ ಒಂದು ವರ್ಷ ಮುಂಚೆ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಆರಂಭಿಸಿದ್ದರು. ನಮ್ಮ ಸಂಘದ ಮುತ್ತಜ್ಜ ಎಂದರೆ ಅದೇ.

1930ರ ದಶಕದ ಜಾಗತಿಕ ಮುಗ್ಗಟ್ಟಿನಲ್ಲಿ ಬ್ರೆಜಿಲ್ ದೇಶ ಕೋಟ್ಯಂತರ ಚೀಲ ಕಾಫಿಯನ್ನು ಸುಟ್ಟಿತು, ಸಮುದ್ರಕ್ಕೂ ಸುರಿಯಿತು. ಯುದ್ಧ ಬಂದು ಯುರೋಪಿನ ಮಾರುಕಟ್ಟೆಯೂ ಮುಚ್ಚಿದಾಗ 1942ರ ಕಾಫಿ ಕಾಯ್ದೆ, ಕಾಫಿ ಬೋರ್ಡು, ಪೂಲ್ ಪದ್ಧತಿ ನೆಲೆಗೊಂಡವು. ಬೆಳೆದದ್ದನ್ನೆಲ್ಲ ಪೂಲಿಗೆ ಹಾಕಬೇಕು, ಬೋರ್ಡು ಮಾರಿ ಕಂತು ಕಂತಾಗಿ ಹಣ ಕೊಡುತ್ತದೆ. "ಪೂಲಿನ ದುಡ್ಡು ಬಂತಾ?" ಎಂಬುದೇ ಆಗಿನ ಕುಶಲಪ್ರಶ್ನೆ. ಪೂಲಿನಿಂದ ದರ ರಾತ್ರೋರಾತ್ರಿ ಕುಸಿಯುವುದು ತಪ್ಪಿತು, ಕೈಗೆ ಹಣ ಬರುವುದು ಮಾತ್ರ ತಡವಾಯಿತು. ನಾನು ಮೇಲೆ ಹೇಳಿದ ಕೈಸೋತ ಸ್ಥಿತಿ ಬೆಳೆಗಾರರಿಗೆ ಅಭ್ಯಾಸವಾಗಿಬಿಟ್ಟಿತು.

1992ರಿಂದ ಹಂತ ಹಂತವಾಗಿ ಪೂಲ್ ಸಡಿಲವಾಗಿ 1996ರಲ್ಲಿ ಪೂರ್ತಿ ಮುಕ್ತ ಮಾರುಕಟ್ಟೆಯಾಯಿತು. ನಡುವೆ 1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ದರ ಏರಿತ್ತು. ಹೊಸ ಜೀಪು, ಹೊಸ ಮನೆ, ಹೊಸ ನಾಟಿ, ಎಲ್ಲದಕ್ಕೂ ಬ್ಯಾಂಕುಗಳು ಕರೆದು ಸಾಲ ಕೊಟ್ಟ ಕಾಲ ಅದು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಪೌಂಡಿಗೆ ಮೂರು ಡಾಲರ್ ದಾಟಿದ್ದ ಅರೇಬಿಕಾ 2001ರ ಕೊನೆಯ ವೇಳೆಗೆ ಅರ್ಧ ಡಾಲರಿಗೂ ಕೆಳಗಿಳಿಯಿತು. ಸಾಲ ಏರಿದ್ದ ದರದ್ದು, ಫಸಲು ಇಳಿದ ದರದ್ದು. ಗಂಟು ಬಿಗಿದದ್ದು ಹೀಗೆ. 2002ರ ವಿಶೇಷ ಕಾಫಿ ಸಾಲ ಯೋಜನೆ, 2010ರ ಸಣ್ಣ ಬೆಳೆಗಾರರ ಋಣ ಪರಿಹಾರ, ಇವೆಲ್ಲ ಆ ಗಂಟನ್ನು ಸಡಿಲಿಸಲು ಬಂದವು. ಬಹಳ ಮನೆಗಳು ಉಳಿದುಕೊಂಡವು. ಕಾದು ಕೂತು, ನಾಚಿಕೆಗೆ ಯಾರಿಗೂ ಹೇಳದೆ, ಬಡ್ಡಿಗೆ ಬಡ್ಡಿ ಸೇರಿಸಿಕೊಂಡವರ ಪೈಕಿ ಕೆಲವರು ಉಳಿಯಲಿಲ್ಲ. ಆ ಮನೆಗಳ ಹೆಸರು ಇಲ್ಲಿ ಬೇಡ.

2002ರಲ್ಲಿ ಬಂದ ಸರ್ಫೇಸಿ ಕಾಯ್ದೆಯಿಂದ ಬ್ಯಾಂಕುಗಳು ಕೋರ್ಟಿನ ಡಿಕ್ರಿ ಇಲ್ಲದೆಯೇ ಅಡಮಾನದ ಆಸ್ತಿ ವಶಪಡಿಸಿಕೊಂಡು ಹರಾಜು ಹಾಕುವ ಅಧಿಕಾರ ಪಡೆದವು. ಆ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಇದೆ, ಕಾಫಿ ತೋಟ ಕೃಷಿ ಭೂಮಿಯೋ ಅಲ್ಲವೋ ಎಂಬುದೇ ಜಗಳ. ಬೆಳೆಗಾರರ ಸಂಘಟನೆಗಳು ಇದಕ್ಕಾಗಿ ಬೀದಿಗೂ ಇಳಿದಿವೆ. ನನ್ನ ಅಭಿಪ್ರಾಯ ಕೇಳಿದರೆ, ಗೊಬ್ಬರ ಹಾಕಿ ಕಳೆ ತೆಗೆದು ಮಳೆಗೆ ಮುಖ ಮಾಡಿ ಕೂರುವುದು ಕೃಷಿಯಲ್ಲದಿದ್ದರೆ ಇನ್ನಾವುದು ಕೃಷಿ? ಅದಿರಲಿ. ಹರಾಜಿನ ನೋಟೀಸು ಬಂದ ಮಾತ್ರಕ್ಕೆ ಆ ಬೆಳೆಗಾರ ಕಾನೂನಿನ ಕಣ್ಣಲ್ಲಿ ದಿವಾಳಿಯಲ್ಲ ಎಂಬುದಷ್ಟೇ ಇಲ್ಲಿಯ ವಿಷಯ.

ಈ ಗೊಂದಲ ಎಲ್ಲರ ಕಣ್ಣಿಗೆ ಬಿದ್ದದ್ದು ನಮ್ಮ ತಾಲ್ಲೂಕಿನವರೇ ಆದ ವಿ.ಜಿ. ಸಿದ್ಧಾರ್ಥ ಅವರ ಕಂಪನಿಯ ಪ್ರಸಂಗದಲ್ಲಿ. ಮೂಡಿಗೆರೆ ತಾಲ್ಲೂಕಿನ ಚೇತನಹಳ್ಳಿಯ ತೋಟದ ಮನೆತನದವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದು, ನಮ್ಮ ಕಾಫಿಯನ್ನು ದೇಶದ ಊರೂರಿಗೆ ಮುಟ್ಟಿಸಿದರು. 2019ರ ಜುಲೈ ಕೊನೆಯಲ್ಲಿ ನೇತ್ರಾವತಿಯಲ್ಲಿ ಅವರ ಅಂತ್ಯವಾದಾಗ ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲಿಲ್ಲ. ಆಗ ಗುಂಪಿನ ಸಾಲ ಏಳು ಸಾವಿರ ಕೋಟಿಯ ಮೇಲಿತ್ತು. ಮುಂದಿನ ಎರಡು ವರ್ಷಗಳಲ್ಲಿ ಬೆಂಗಳೂರಿನ ಟೆಕ್ ಪಾರ್ಕ್ ಮೊದಲಾದ ಆಸ್ತಿಗಳನ್ನು ಮಾರಿ ಅದರ ಬಹುಭಾಗವನ್ನು ತೀರಿಸಲಾಯಿತು. ಸಾಲ ಬೆಟ್ಟದಷ್ಟಿದ್ದರೂ ಅದರ ಎದುರಿಗೆ ಮಾರಬಹುದಾದ ಆಸ್ತಿಯೂ ಇತ್ತು. ಆಮೇಲೆ 2024ರ ಆಗಸ್ಟಿನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ, 228 ಕೋಟಿ ರೂಪಾಯಿ ಬಾಕಿಯ ಅರ್ಜಿಯೊಂದರ ಮೇಲೆ ಮಾತೃಸಂಸ್ಥೆ ಕಾಫಿ ಡೇ ಎಂಟರ್‌ಪ್ರೈಸಸ್ ವಿರುದ್ಧ 2016ರ ದಿವಾಳಿ ಸಂಹಿತೆಯ ಪ್ರಕ್ರಿಯೆ ಶುರು ಮಾಡಲು ಆದೇಶಿಸಿತು. ಬಸ್‌ಸ್ಟ್ಯಾಂಡಿನಲ್ಲಿ "ಕಾಫಿ ಡೇ ದಿವಾಳಿ ಆಯ್ತಂತೆ" ಎಂದು ಸುದ್ದಿ. ಅರ್ಜಿ ಸ್ವೀಕಾರವಾಗುವುದು ಎಂದರೆ ವ್ಯವಹಾರ ಮುಳುಗಿತು ಎಂದಲ್ಲ, ಅದನ್ನು ಉಳಿಸಲು ಸಾಧ್ಯವೇ ಎಂದು ನೋಡುವ ಮೊದಲ ಮೆಟ್ಟಿಲು. ಅದೇ ತಿಂಗಳು ಮೇಲ್ಮನವಿ ಮಂಡಳಿ ತಡೆ ಕೊಟ್ಟಿತು, 2025ರ ಫೆಬ್ರವರಿಯಲ್ಲಿ ಆ ಆದೇಶವನ್ನೇ ರದ್ದುಪಡಿಸಿತು. ರದ್ದಾದ ಸುದ್ದಿ ಬಸ್‌ಸ್ಟ್ಯಾಂಡಿಗೆ ಅಷ್ಟು ಬೇಗ ಬರಲಿಲ್ಲ.

ಹಾಗಾದರೆ ನಮ್ಮಂಥ ಸಂಘ ದಿವಾಳಿಯಾದರೆ? ಸಭೆಗಳಲ್ಲಿ ಸದಸ್ಯರು ಹಿಂಜರಿಯುತ್ತಾ ಕೇಳುವ ಪ್ರಶ್ನೆ ಇದು, ಬೆಳ್ಳಿಹಬ್ಬದಲ್ಲಿ ಉತ್ತರ ಹೇಳಿದರೆ ತಪ್ಪೇನಿಲ್ಲ. ನಮ್ಮ ಬೋರ್ಡಿನ ಮೇಲೆ ಹೆಸರಿನ ಕೊನೆಗೆ 'ನಿ.' ಎಂದು ಒಂದಕ್ಷರ ಇದೆ, ಯಾರೂ ಓದುವುದಿಲ್ಲ. ಅದು 'ನಿಯಮಿತ', ಅಂದರೆ ಹೊಣೆಗೆ ಮಿತಿ ಇದೆ ಎಂದು. ಮೊದಲು ಹೀಗಿರಲಿಲ್ಲ. ಜರ್ಮನಿಯ ರೈಫೈಸನ್ ಎಂಬ ಮಹನೀಯನ ಮಾದರಿ ಹಿಡಿದು ಮಾಡಿದ 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳ ಹೊಣೆ ಅಪರಿಮಿತವಾಗಿತ್ತು. ಸಂಘ ಮುಳುಗಿದರೆ ಒಬ್ಬೊಬ್ಬ ಸದಸ್ಯನ ಹೊಲ ಮನೆಯೂ ಅದರ ಸಾಲಕ್ಕೆ ಬಾಧ್ಯ. ಆದ್ದರಿಂದ ಪಕ್ಕದ ಮನೆಯವನು ಸಾಲದ ಹಣದಲ್ಲಿ ಬೀಜ ತಂದನೋ ಮದುವೆ ಮಾಡಿದನೋ ಎಂದು ಊರೆಲ್ಲ ಕಣ್ಣಿಟ್ಟಿರುತ್ತಿತ್ತು. ಒಳ್ಳೆಯದೇ, ಆದರೆ ಸ್ವಲ್ಪ ಆಸ್ತಿ ಇದ್ದವರು ಹೆದರಿ ಸೇರುತ್ತಲೇ ಇರಲಿಲ್ಲ. 1951-52ರ ಗ್ರಾಮೀಣ ಪತ್ತಿನ ಸಮೀಕ್ಷೆ ನೋಡಿದಾಗ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರು, ಲೇವಾದೇವಿಗಾರರದು ಸುಮಾರು ಎಪ್ಪತ್ತು! ಆಮೇಲೆ ದೊಡ್ಡ ಸಂಘ, ಮಿತ ಹೊಣೆ ಎಂಬ ಪದ್ಧತಿ ಬಂತು.

ಈಗ ಸಂಘ ಕೈಸೋತರೆ ಅದನ್ನು ದಿವಾಳಿ ಎನ್ನುವುದಿಲ್ಲ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನಿಬಂಧಕರು 'ಸಮಾಪನೆ'ಗೆ ಆದೇಶಿಸಿ ಸಮಾಪನಾಧಿಕಾರಿಯನ್ನು ನೇಮಿಸುತ್ತಾರೆ. ಬರಬೇಕಾದ ಸಾಲ ವಸೂಲು ಮಾಡಿ, ಕೊಡಬೇಕಾದವರಿಗೆ ಕೊಡುವುದು ಅವರ ಕೆಲಸ. ಸಂಘದ ಸಾಲಕ್ಕಾಗಿ ಸದಸ್ಯನ ತೋಟ ಹೋಗುವುದಿಲ್ಲ, ಅವನ ಹೊಣೆ ಷೇರಿನ ಮಟ್ಟಿಗೆ. ಆದರೆ ಅವನು ಸಂಘದಿಂದ ಪಡೆದ ಸಾಲ ಮನ್ನಾ ಆಗುವುದೂ ಇಲ್ಲ, ಸಮಾಪನಾಧಿಕಾರಿ ಬಂದು ಕೇಳುತ್ತಾರೆ. ಇನ್ನು ಠೇವಣಿ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬರಿಗೆ ಐದು ಲಕ್ಷದವರೆಗೆ ವಿಮೆ ಇದೆ, 2020ರವರೆಗೆ ಒಂದು ಲಕ್ಷವಿತ್ತು. ಪ್ರಾಥಮಿಕ ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಇದನ್ನು ಹೇಳಿದರೆ ಕಾರ್ಯದರ್ಶಿಗಳು ನನ್ನ ಮೇಲೆ ಸಿಟ್ಟಾಗಬಹುದು, ಆದರೂ ಹೇಳಬೇಕು. ಠೇವಣಿಗೆ ಇರುವ ಆಧಾರ ಎಂದರೆ ಸಾಲ ಪಡೆದವರು ಕಟ್ಟುವ ಕಂತು ಮತ್ತು ಪ್ರತಿವರ್ಷ ಲಾಭದಲ್ಲಿ ಎತ್ತಿಡುವ ಆಪದ್ಧನ. ಅದೆಷ್ಟಿದೆ, ಸುಸ್ತಿ ಶೇಕಡಾ ಎಷ್ಟು, ಆಡಿಟ್‌ನವರು ಯಾವ ವರ್ಗ ಕೊಟ್ಟಿದ್ದಾರೆ ಎಂಬುದು ವಾರ್ಷಿಕ ಮಹಾಸಭೆಯಲ್ಲಿ ಊಟಕ್ಕೆ ಮುಂಚೆ ಹಂಚುವ ವರದಿ ಪುಸ್ತಕದಲ್ಲಿ ಅಚ್ಚಾಗಿರುತ್ತದೆ.

ಒಂದು ವಿಚಿತ್ರ ಹೇಳಿ ಮುಗಿಸುತ್ತೇನೆ. ಕಂಪನಿಯ ಮೇಲೆ ದಿವಾಳಿ ಅರ್ಜಿ ಹಾಕಲು 2020ರಿಂದ ಕನಿಷ್ಠ ಒಂದು ಕೋಟಿ ಬಾಕಿ ಇರಬೇಕು. ಕಂಪನಿಗೆ ಜಾಮೀನು ನಿಂತವರನ್ನು ಬಿಟ್ಟರೆ, ಸಾಮಾನ್ಯ ವ್ಯಕ್ತಿಗಳಿಗೆ ಸಂಬಂಧಪಟ್ಟ ಭಾಗವನ್ನು ಹೊಸ ಸಂಹಿತೆಯಲ್ಲಿ ಬರೆದಿಟ್ಟಿದ್ದಾರೆ, ಜಾರಿಗೆ ಮಾತ್ರ ತಂದಿಲ್ಲ. ಆದ್ದರಿಂದ ಒಬ್ಬ ಬೆಳೆಗಾರ ತಾನು ದಿವಾಳಿ ಎಂದು ನ್ಯಾಯಾಲಯಕ್ಕೆ ಹೋಗಬೇಕಾದರೆ ಈಗಲೂ ಹಳೆಯ ಕಾಯ್ದೆಯ ಬಾಗಿಲನ್ನೇ ತಟ್ಟಬೇಕು, ಐನೂರು ರೂಪಾಯಿ ಲೆಕ್ಕ ಬರೆದಿಟ್ಟ ಆ ಕಾಲದ ಬಾಗಿಲನ್ನು.